ಏಳು ಪಾಯಿಂಟ್ ಒಂದು

ಗಾಜು ಸೀಳಿದ ಪಿಎಚ್ ಎಲೆಕ್ಟ್ರೋಡ್ ಏಳನ್ನು ತೋರಿಸುತ್ತದೆ. ಸಕ್ಕರೆ ಕಾರ್ಖಾನೆಗೆ ಇನ್‌ಸ್ಟ್ರುಮೆಂಟೇಶನ್ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು ಇದನ್ನೇ. ಎಲೆಕ್ಟ್ರೋಡಿನ ತುದಿಯಲ್ಲಿ ತೆಳು ಗಾಜಿನ ಗುಂಡು ಇರುತ್ತದೆ. ಅದರೊಳಗೆ ಪಿಎಚ್ 7ರ ದ್ರಾವಣ, ಹೊರಗೆ ಕಬ್ಬಿನ ರಸ. ಎರಡರ ನಡುವಿನ ವ್ಯತ್ಯಾಸವೇ ಮಿಲಿವೋಲ್ಟಾಗಿ ಹೊರಬರುತ್ತದೆ, 25 ಡಿಗ್ರಿ ಉಷ್ಣಾಂಶದಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್. ಗಾಜು ಸೀಳಿದರೆ ಒಳಗೂ ಹೊರಗೂ ಒಂದೇ ಆಗಿ ವೋಲ್ಟೇಜು ಸೊನ್ನೆಯ ಹತ್ತಿರ ಬಂದು ನಿಲ್ಲುತ್ತದೆ. ಸೊನ್ನೆ ಮಿಲಿವೋಲ್ಟ್ ಎಂದರೆ ಅದನ್ನು ಓದಿ ಪರದೆಗೆ ಕಳಿಸುವ ಟ್ರಾನ್ಸ್‌ಮಿಟರಿನ ಲೆಕ್ಕದಲ್ಲಿ ಪಿಎಚ್ 7.

ಬೇರೆ ಕಾರ್ಖಾನೆಯಾಗಿದ್ದರೆ ಆ ಏಳು ಕೂಡಲೇ ಕಣ್ಣಿಗೆ ಹೊಡೆಯುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಹಾಗಲ್ಲ. ಗಾಣದಿಂದ ಬಂದ ರಸಕ್ಕೆ ಸುಣ್ಣದ ಹಾಲು ಸೇರಿಸಿ, ಗಂಧಕ ಸುಟ್ಟ ಅನಿಲ ಹಾಯಿಸಿ ನಾವು ತರಬೇಕಾದ ಅಳತೆ 7.0ರಿಂದ 7.2. ಅಂದರೆ ಸತ್ತ ಎಲೆಕ್ಟ್ರೋಡ್ ಹೇಳುವ ಸಂಖ್ಯೆಯೂ ನಾವು ಬಯಸುವ ಸಂಖ್ಯೆಯೂ ಒಂದೇ. ಇದು ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದೆ, ಟ್ರಾನ್ಸ್‌ಮಿಟರ್ ಕಂಪನಿಯ ಕೈಪಿಡಿಯಲ್ಲೂ ಓದಿದ್ದೆ. ಗೊತ್ತಿದ್ದೂ ಒಂದು ರಾತ್ರಿ ಆ ಸಂಖ್ಯೆಯನ್ನು ನಂಬಿದೆ, ಫೋನ್ ಮಾಡಿ ಹೇಳುತ್ತಿದ್ದ ಮನುಷ್ಯರನ್ನು ನಂಬಲಿಲ್ಲ. ಆಮೇಲೆ ಅದರ ಬಗ್ಗೆ ಅರ್ಧ ಸತ್ಯದ ವರದಿಯೊಂದನ್ನು ಬರೆದೆ. ಆ ರಾತ್ರಿಗಿಂತ ಆ ವರದಿಯೇ ನನ್ನನ್ನು ಹೆಚ್ಚು ಕಾಡುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳು ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರಿನ ಮೇಲೆ ಬದುಕುವ ಕಬ್ಬಿನ ಸೀಮೆ. ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾದದ್ದು 1939ರಲ್ಲಿ. ಮುಂದೆ ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ ಎಂದು ಸಹಕಾರಿ ಕಾರ್ಖಾನೆಗಳು ಎದ್ದವು, ಅವುಗಳ ಜೊತೆಗೆ ಖಾಸಗಿಯವು. ನವೆಂಬರಿನಿಂದ ಹಂಗಾಮು ಮುಗಿಯುವವರೆಗೆ ಇಲ್ಲಿನ ರಸ್ತೆಗಳಲ್ಲಿ ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರುಗಳದ್ದೇ ರಾಜ್ಯ. ಹೊರಗಿನಿಂದ ನೋಡುವವರಿಗೆ ಚಿಮಣಿ ಮತ್ತು ಕಾಟಾದ ಮುಂದಿನ ಸಾಲು ಮಾತ್ರ ಕಾಣುತ್ತದೆ. ಒಳಗೆ ಕಳೆದ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಆದ ಬದಲಾವಣೆ ದೊಡ್ಡದು. ಕೇನ್ ಕ್ಯಾರಿಯರ್ ಎಷ್ಟು ವೇಗದಲ್ಲಿ ಓಡಬೇಕು ಎನ್ನುವುದನ್ನು ಈಗ ಗಾಣದ ಮೇಲಿನ ಚ್ಯೂಟಿನಲ್ಲಿ ಕಬ್ಬು ಎಷ್ಟಿದೆ ಎಂದು ನೋಡಿ ಪಿಎಲ್‌ಸಿ ಎಂಬ ಪ್ರೋಗ್ರಾಮ್ ಮಾಡಬಲ್ಲ ನಿಯಂತ್ರಕ ತೀರ್ಮಾನಿಸುತ್ತದೆ. ಬಾಯ್ಲರ್ ಮತ್ತು ಟರ್ಬೈನ್ ಡಿಸಿಎಸ್ ಎಂಬ ಕಂಪ್ಯೂಟರ್ ನಿಯಂತ್ರಣ ವ್ಯವಸ್ಥೆಯ ಕೈಯಲ್ಲಿವೆ. ಒಂದು ಕಾಲಕ್ಕೆ ವಾಲ್ವಿನ ಚಕ್ರ ತಿರುಗಿಸುತ್ತಿದ್ದವರು ಈಗ ಎ.ಸಿ. ಕೋಣೆಯಲ್ಲಿ ಪರದೆ ನೋಡುತ್ತ ಕೂರುತ್ತಾರೆ.

ಆ ಪರದೆಗಳನ್ನು ಮಾಡಿಕೊಡುವವರಲ್ಲಿ ನಾನೂ ಒಬ್ಬ. ನಾನು ರಾಯಬಾಗ ತಾಲ್ಲೂಕಿನವನು, ಮನೆಯಲ್ಲಿ ಕಬ್ಬು. ಇನ್‌ಸ್ಟ್ರುಮೆಂಟೇಶನ್ ಓದಿ ಆಟೊಮೇಶನ್ ಗುತ್ತಿಗೆ ಕಂಪನಿಯೊಂದಕ್ಕೆ ಸೇರಿದ್ದೆ. ಈ ಭಾಗದ ಒಂದು ಕಾರ್ಖಾನೆಯ ಬಾಯ್ಲಿಂಗ್ ಹೌಸಿಗೆ ಹೊಸ ಕಂಟ್ರೋಲ್ ವ್ಯವಸ್ಥೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಖಾನೆಯ ಹೆಸರು ಬೇಡ, ತಪ್ಪು ಅದರದಲ್ಲ. ಯಂತ್ರಗಳದ್ದೂ ಅಲ್ಲ.

ರಸ ಶುದ್ಧಿಯ ಹಂತ ನನಗೆ ಬಲು ಇಷ್ಟವಾಗಿತ್ತು. ರಸವನ್ನು ಸುಮಾರು 70 ಡಿಗ್ರಿಗೆ ಕಾಯಿಸಿ, ಹರಿವಿಗೆ ತಕ್ಕಷ್ಟು ಸುಣ್ಣದ ಹಾಲು ಬಿಡಬೇಕು. ಪಿಎಚ್ ನೋಡಿಕೊಂಡು ಗಂಧಕದ ಅನಿಲವನ್ನು ಹೆಚ್ಚುಕಡಿಮೆ ಮಾಡಬೇಕು. ಸರಿಯಾಗಿ ಬಂದರೆ ಹೊಲಸೆಲ್ಲ ಗರಣೆಗಟ್ಟಿ ಕ್ಲಾರಿಫೈಯರಿನ ತಳಕ್ಕೆ ಇಳಿದು ಮಡ್ಡಿಯಾಗುತ್ತದೆ, ಮೇಲಿನಿಂದ ಜೇನು ಬಣ್ಣದ ತಿಳಿ ರಸ ಹರಿಯುತ್ತದೆ. ಪಿಎಚ್ ಮೇಲಕ್ಕೆ ಹೋದರೆ ರಸ ಕಪ್ಪಾಗಿ ಸಕ್ಕರೆಯ ಬಣ್ಣ ಕೆಡುತ್ತದೆ. ಕೆಳಗೆ ಬಿದ್ದರೆ ಆಗುವುದು ಇನ್ನೂ ಕೆಟ್ಟದ್ದು. ಆಮ್ಲ ಮತ್ತು ಕಾವು ಸೇರಿ ಸಕ್ಕರೆಯನ್ನೇ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆದುಬಿಡುತ್ತವೆ. ಒಡೆದ ಸಕ್ಕರೆ ಮತ್ತೆ ಹರಳುಗಟ್ಟುವುದಿಲ್ಲ, ಕಾಕಂಬಿಯ ಪಾಲಾಗುತ್ತದೆ. ಪಿಎಚ್‌ನಲ್ಲಿ ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿದಂತೆ. ಆ ರಸ ಮುಂದೆ ಎವಾಪರೇಟರಿನ ಮೊದಲ ಪಾತ್ರೆಯಲ್ಲಿ ನೂರು ಡಿಗ್ರಿ ದಾಟಿ ಕುದಿಯುತ್ತದೆ.

ನಾವು ಬರುವ ಮೊದಲು ಈ ಜಾಗವನ್ನು ಹಿರಿಯ ಆಪರೇಟರೊಬ್ಬರು ಕಾಗದದ ಪಟ್ಟಿಯಿಂದ ನಡೆಸುತ್ತಿದ್ದರು. ಬಿಟಿಬಿ ಪೇಪರ್ ಎನ್ನುತ್ತಾರೆ. ಆಮ್ಲಕ್ಕೆ ಹಳದಿ, ಕ್ಷಾರಕ್ಕೆ ನೀಲಿ, ನಡುವೆ ಹಸಿರು. ಒಂದು ಹನಿ ಬಿಟ್ಟು ನೋಡಿ ವಾಲ್ವಿನ ಮೇಲೆ ಕೈಯಿಡುತ್ತಿದ್ದರು. ಆಮೇಲೆ ಗಾಜಿನ ಲೋಟದಲ್ಲಿ ರಸ ಹಿಡಿದು, ಗರಣೆ ಎಷ್ಟು ಬೇಗ ಇಳಿಯುತ್ತದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ಮನೆತನ ಬೆಲ್ಲ ಮಾಡಿದ್ದು. ಕೊಪ್ಪರಿಗೆಯಲ್ಲಿ ಕುದಿಯುವ ರಸಕ್ಕೆ ಎಷ್ಟು ಸುಣ್ಣ, ಬೆಂಡೆ ಗಿಡದ ಎಷ್ಟು ಲೋಳೆ ಬೇಕೆಂದು ಚಿಕ್ಕಂದಿನಲ್ಲೇ ನೋಡಿ ಕಲಿತವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನನ್ನ ತಂದೆಯ ವಯಸ್ಸಿನವರಾದರೂ ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು.

ಹೊಸ ವ್ಯವಸ್ಥೆ ಬಂದ ಮೇಲೆ ಲಾಗ್‌ಶೀಟಿನಿಂದ ಕಾಗದದ ಪರೀಕ್ಷೆಯ ಕಾಲಮ್ಮನ್ನು ನಾನೇ ತೆಗೆಸಿದೆ. ಎಲ್ಲವೂ ತಾನಾಗಿ ದಾಖಲಾಗುವಾಗ ಕೈಯಿಂದ ಬರೆಯುವುದು ಯಾಕೆ ಎಂದು ಮೀಟಿಂಗಿನಲ್ಲಿ ಹೇಳಿದ್ದೆ. ಎಲ್ಲರೂ ಒಪ್ಪಿದರು, ಕಾಕಾ ಸುಮ್ಮನಿದ್ದರು.

ಅದಕ್ಕಿಂತ ದೊಡ್ಡ ತಪ್ಪುಗಳನ್ನು ಯಾರಿಗೂ ಕಾಣದ ಕಡೆ ಮಾಡಿದ್ದೆ. ನಮ್ಮ ಪಿಎಚ್ ಟ್ರಾನ್ಸ್‌ಮಿಟರಿನಲ್ಲಿ ಗಾಜು ಒಡೆದದ್ದನ್ನು ಪತ್ತೆ ಹಚ್ಚುವ ಸೌಲಭ್ಯ ಇತ್ತು. ಗಟ್ಟಿ ಇರುವ ಗಾಜಿನ ವಿದ್ಯುತ್ ರೋಧ ನೂರಾರು ಮೆಗಾಓಮ್ ಇರುತ್ತದೆ, ಸೀಳಿದರೆ ಅದು ಕುಸಿಯುತ್ತದೆ, ಕುಸಿದ ಕೂಡಲೇ ಅಲಾರಂ. ಆದರೆ ಬಿಸಿ ರಸದಲ್ಲಿ ಗಟ್ಟಿ ಗಾಜಿನ ರೋಧವೂ ಇಳಿಯುತ್ತದೆ. ಉಷ್ಣಾಂಶಕ್ಕೆ ತಕ್ಕಂತೆ ಮಿತಿಯನ್ನು ಹೊಂದಿಸದಿದ್ದರೆ ಸುಳ್ಳು ಅಲಾರಂ ಬರುತ್ತಲೇ ಇರುತ್ತದೆ. ನಮಗೆ ಹಾಗೇ ಆಯಿತು. ಹ್ಯಾಂಡೋವರ್ ಹತ್ತಿರ ಬಂದಿತ್ತು. ಕೂತು ಮಿತಿ ಸರಿಪಡಿಸುವುದು ಬಿಟ್ಟು ಆ ಸೌಲಭ್ಯವನ್ನೇ ಆಫ್ ಮಾಡಿದೆ. ಎರಡನೆಯದಾಗಿ, ಪರದೆಯ ಮೇಲಿನ ಗೆರೆ ಏರಿಳಿಯುವುದನ್ನು ನೋಡಿ ಆಡಳಿತದವರೊಬ್ಬರು ಕಂಟ್ರೋಲ್ ಸರಿ ಇಲ್ಲವೇ ಎಂದು ಕೇಳಿದ್ದರು. ಅವರ ಸಮಾಧಾನಕ್ಕೆ ಫಿಲ್ಟರ್ ಹೆಚ್ಚಿಸಿ ಗೆರೆಯನ್ನು ನುಣುಪು ಮಾಡಿದೆ. ಜೀವಂತ ರಸದ ಪಿಎಚ್ ಸದಾ ಸಣ್ಣಗೆ ಕಂಪಿಸುತ್ತದೆ. ಕಂಪನ ನಿಂತರೆ ಎಲೆಕ್ಟ್ರೋಡಿಗೆ ಏನೋ ಆಗಿದೆ ಎಂದೇ ಅರ್ಥ. ಆ ಕುರುಹನ್ನು ನಾನೇ ಒರೆಸಿಹಾಕಿದ್ದೆ. ಮೂರನೆಯದು ಡೆಡ್‌ಬ್ಯಾಂಡ್: 7.0ರಿಂದ 7.2ರ ಒಳಗಿದ್ದರೆ ಅನಿಲದ ವಾಲ್ವ್ ಅಲುಗಬಾರದೆಂದು ಬರೆದಿದ್ದೆ. ವಾಲ್ವ್ ಸವೆಯದಿರಲೆಂಬುದು ಉದ್ದೇಶ. ಬಿಡಿಬಿಡಿಯಾಗಿ ನೋಡಿದರೆ ಮೂರಕ್ಕೂ ಸಮರ್ಥನೆ ಕೊಡಬಹುದು. ಮೂರೂ ಸೇರಿದಾಗ ಏನಾಗುತ್ತದೆ ಎಂದು ನಾನು ಯೋಚಿಸಲಿಲ್ಲ.

ಆ ದಿನ ಗಾಣ ಕೆಟ್ಟು ನಿಂತು ಮತ್ತೆ ಶುರುವಾಗಿತ್ತು. ಯಾರ್ಡಿನಲ್ಲಿ ಬಿಸಿಲಿಗೆ ನಿಂತಿದ್ದ ಕಬ್ಬೆಲ್ಲ ರಾತ್ರಿ ಪಾಳಿಗೆ ಬಂತು. ಕಡಿದ ಮೇಲೆ ಕಬ್ಬು ತಡೆದಷ್ಟೂ ರಸ ಹುಳಿಯಾಗುತ್ತದೆ, ಆ ರಸಕ್ಕೆ ಸುಣ್ಣ ಹೆಚ್ಚು ಬೇಕು, ಇಲ್ಲವೇ ಅನಿಲ ಕಡಿಮೆ ಮಾಡಬೇಕು. ನಮ್ಮ ವ್ಯವಸ್ಥೆ ಎರಡನ್ನೂ ಮಾಡಲಿಲ್ಲ. ಸಂಜೆ ಎಲೆಕ್ಟ್ರೋಡ್ ತೊಳೆದು ಮತ್ತೆ ಹಾಕಿದ ಮೇಲೆ ಪರದೆಯ ಮೇಲೆ 7.1 ನಿಂತಿತ್ತು, ಅಲುಗದೆ ನಿಂತಿತ್ತು.

ನಾನು ಊರಿನ ಲಾಡ್ಜಿನಲ್ಲಿದ್ದೆ. ಮೊದಲು ಕಾಕಾನ ಫೋನು ಬಂತು.

“ಸಾಹೇಬ್ರ, ಮಡ್ಡಿ ತಳಕ್ಕ ಕೂಡವಲ್ದು. ರಸ ಮಬ್ಬ ಬರಾಕತ್ತೇತಿ. ಒಮ್ಮಿ ಬಂದ ನೋಡ್ತೀರೇನ್ರಿ?”

“ಸ್ಕ್ರೀನ್ ಮ್ಯಾಲ ಎಷ್ಟ ಐತ್ರಿ ಕಾಕಾ?”

“ಏಳ ಪಾಯಿಂಟ್ ಒಂದ್.”

“ಹಂಗಾದ್ರ ಪಿಎಚ್ ಸರಿ ಐತಿ. ಮಡ್ಡಿ ಪಂಪ್ ನೋಡ್ರಿ.”

ಲ್ಯಾಪ್‌ಟಾಪ್ ತೆಗೆದು ದೂರದಿಂದಲೇ ಗ್ರಾಫ್ ನೋಡಿದೆ. ಅಷ್ಟು ನೇರವಾದ ಗೆರೆಯನ್ನು ನೋಡಿ ನನಗೆ ಹೆಮ್ಮೆಯಾಯಿತು. ಇದನ್ನು ಬರೆಯುವಾಗ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ಶಿಫ್ಟ್ ಕೆಮಿಸ್ಟ್ ಫೋನ್ ಮಾಡಿದ. ಲ್ಯಾಬಿನಲ್ಲಿ ತಿಳಿ ರಸದ ಪಿಎಚ್ 6.1 ಬರುತ್ತಿದೆ ಎಂದ. ನಿಮ್ಮ ಮೀಟರನ್ನು ಬಫರಿನಲ್ಲಿ ಒಮ್ಮೆ ಕ್ಯಾಲಿಬ್ರೇಟ್ ಮಾಡಿ ನೋಡಿ ಎಂದು ನಾನು ಹೇಳಿದೆ. ಆತ ಕೆಲಸಕ್ಕೆ ಹೊಸಬ. ನನ್ನ ದನಿಯಲ್ಲಿದ್ದ ಖಾತ್ರಿಗೆ ಎದುರು ಹೇಳಲು ಅವನಿಂದ ಆಗಲಿಲ್ಲ. ಕಾಗದ ಹಿಡಿದ ಹಿರಿಯರೊಬ್ಬರು, ಲ್ಯಾಬಿನ ಮೀಟರ್ ಹಿಡಿದ ಕಿರಿಯನೊಬ್ಬ, ಇಬ್ಬರೂ ಬೇರೆ ಬೇರೆ ದಾರಿಯಿಂದ ಒಂದೇ ಮಾತು ಹೇಳುತ್ತಿದ್ದರು. ಅವರಿಬ್ಬರ ಎದುರು ನನ್ನ ಕಡೆ ಇದ್ದದ್ದು ಸೀಳಿದ ಒಂದು ಗಾಜು.

ಬೆಳಗಿನ ಪಾಳಿಗೆ ಚೀಫ್ ಕೆಮಿಸ್ಟ್ ಬಂದವರೇ ಎಲೆಕ್ಟ್ರೋಡನ್ನು ಹೊರಗೆ ತೆಗೆಸಿ ಪಿಎಚ್ 4ರ ಬಫರಿನಲ್ಲಿ ಅದ್ದಿಸಿದರು. ಪರದೆ 7.1 ಎಂದಿತು. 9ರ ಬಫರಿನಲ್ಲಿ ಅದ್ದಿಸಿದರು. ಆಗಲೂ 7.1. ಅವರು ಏನೂ ಅನ್ನಲಿಲ್ಲ, ವಾಲ್ವನ್ನು ಮ್ಯಾನುವಲ್‌ಗೆ ಹಾಕಿ ಕಾಕಾನ ಕೈಗೆ ಕೊಟ್ಟರು. ಕಾಕಾ ಜೇಬಿನಿಂದ ಕಾಗದದ ಪಟ್ಟಿ ತೆಗೆದರು. ಲಾಗ್‌ಶೀಟಿನಿಂದ ಕಾಲಮ್ಮು ಹೋಗಿದ್ದರೂ ಅವರು ಪಟ್ಟಿ ಇಟ್ಟುಕೊಳ್ಳುವುದನ್ನು ಬಿಟ್ಟಿರಲಿಲ್ಲ. ರಾತ್ರಿಯೂ ನೋಡಿದ್ದರಂತೆ, ಹಳದಿ ಬಂದಿತ್ತಂತೆ. ಆಟೋದಲ್ಲಿದ್ದ ವಾಲ್ವನ್ನು ಮ್ಯಾನುವಲ್‌ಗೆ ತರಲು ಪಾಸ್‌ವರ್ಡ್ ಬೇಕಿತ್ತು. ಆ ಪಾಸ್‌ವರ್ಡನ್ನು ನಾನು ಅವರಿಗೆ ಕೊಟ್ಟಿರಲಿಲ್ಲ.

ನಷ್ಟ ಎಷ್ಟೆಂದು ಕರಾರುವಾಕ್ಕಾಗಿ ಹೇಳುವುದು ಕಷ್ಟ, ಯಾಕೆಂದರೆ ಈ ನಷ್ಟ ಎಲ್ಲೂ ಚೆಲ್ಲಿ ಬೀಳುವುದಿಲ್ಲ. ಮುಂದಿನ ಕೆಲವು ದಿನ ಸಕ್ಕರೆಯ ಬಣ್ಣ ಇಳಿಯಿತು, ಕಾಕಂಬಿಯಲ್ಲಿ ಹೋದದ್ದು ಹೆಚ್ಚಾಯಿತು. ಕಬ್ಬಿನ ದರ ಸಕ್ಕರೆ ಇಳುವರಿಯ ಮೇಲೆ ನಿಂತಿದೆ ಎಂಬುದು ನಮ್ಮ ಭಾಗದ ಮಕ್ಕಳಿಗೂ ಗೊತ್ತು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ದರ, ಅಂದರೆ ಎಫ್‌ಆರ್‌ಪಿ, ಕ್ವಿಂಟಾಲಿಗೆ 355 ರೂಪಾಯಿ, ಅದು 10.25 ಶೇಕಡಾ ಇಳುವರಿಗೆ. ಅದರ ಮೇಲೆ ಪ್ರತಿ 0.1 ಶೇಕಡಾಕ್ಕೆ 3.46 ರೂಪಾಯಿ, ಅಂದರೆ ಟನ್ನಿಗೆ 34 ರೂಪಾಯಿ 60 ಪೈಸೆ. 2025ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯ ಗುರ್ಲಾಪುರದಲ್ಲಿ ರೈತರು ರಸ್ತೆಗಿಳಿದು ಕೂತದ್ದು ಟನ್ನಿಗೆ 3500 ರೂಪಾಯಿ ಬೇಕೆಂದು. ದರಕ್ಕಾಗಿ ರೈತ ಬೀದಿಯಲ್ಲಿ ಕೂರುವ ಸೀಮೆಯಲ್ಲಿ, ಅವನು ಬೆಳೆದ ಸಕ್ಕರೆಯನ್ನು ಒಳಗೆ ನಾನು ಕಾಕಂಬಿಗೆ ಕಳಿಸಿದ್ದೆ. ಯಾರ್ಡಿನಲ್ಲಿದ್ದ ಟ್ರಾಲಿಗಳಲ್ಲಿ ನಮ್ಮ ಮಾಮಾನ ಕಬ್ಬೂ ಇತ್ತು.

ವರದಿ ಕೇಳಿದರು. ನಾನು ಬರೆದದ್ದು ಹೀಗೆ: ಸೆನ್ಸರ್ ವೈಫಲ್ಯ, ತೊಳೆಯುವಾಗ ಎಲೆಕ್ಟ್ರೋಡಿಗೆ ಹಾನಿಯಾಗಿರುವ ಸಾಧ್ಯತೆ ಇದೆ. ಒಂದೊಂದು ಪದವೂ ನಿಜ. ಗಾಜು ಒಡೆದಿದ್ದು ನಿಜ, ತೊಳೆಯುವಾಗ ಒಡೆದಿರಬಹುದು ಎಂಬುದೂ ನಿಜ. ಒಡೆದದ್ದನ್ನು ಹಿಡಿಯುವ ಸೌಲಭ್ಯವನ್ನು ನಾನು ಆಫ್ ಮಾಡಿದ್ದೆ ಎಂದು ಬರೆಯಲಿಲ್ಲ. ಫಿಲ್ಟರ್ ಬಗ್ಗೆ, ಪಾಸ್‌ವರ್ಡ್ ಬಗ್ಗೆ, ಆ ಎರಡು ಫೋನುಗಳ ಬಗ್ಗೆ ಬರೆಯಲಿಲ್ಲ. ಎಲೆಕ್ಟ್ರೋಡ್ ತೊಳೆಯುತ್ತಿದ್ದವನು ಗುತ್ತಿಗೆಯ ಮೇಲೆ ಬಂದಿದ್ದ ಒಬ್ಬ ಹುಡುಗ. ಬಿಸಿ ಎಲೆಕ್ಟ್ರೋಡನ್ನು ತಣ್ಣೀರಿಗೆ ಹಿಡಿಯಬಾರದು, ಬ್ರಷ್ ಹಾಕಿ ತಿಕ್ಕಬಾರದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಬೇಕಾದದ್ದು ನನ್ನ ಕೆಲಸವೇ ಆಗಿತ್ತು. ನಾನು ಕೊಟ್ಟ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಮುಂದಿನ ವಾರದಿಂದ ಆ ಹುಡುಗ ಕಾಣಲಿಲ್ಲ. ಗುತ್ತಿಗೆದಾರನನ್ನು ಕೇಳಿದರೆ, ನಿಮ್ಮ ರಿಪೋರ್ಟ್ ಬಂತಲ್ರಿ, ತೆಗೆದೆ ಎಂದ.

ಅವನನ್ನು ಹುಡುಕಿದೆ. ಇಚಲಕರಂಜಿ ಕಡೆ ಮಗ್ಗದ ಕೆಲಸಕ್ಕೆ ಹೋಗಿದ್ದಾನೆಂದು ಗೊತ್ತಾಯಿತು, ಭೇಟಿ ಆಗಲಿಲ್ಲ. ಮುಂದಿನ ಹಂಗಾಮಿಗೆ ಮೊದಲು ಎರಡನೆಯ ವರದಿ ಬರೆದು ಚೀಫ್ ಕೆಮಿಸ್ಟರ ಕೈಗೇ ಕೊಟ್ಟೆ. ಅದರಲ್ಲಿ ಎಲ್ಲವನ್ನೂ ಬರೆದೆ. ಅವರು ಓದಿ, ಇದನ್ನು ಅವತ್ತೇ ಬರೆಯಬೇಕಿತ್ತು ಎಂದರು. ಕಾಕಾನಿಗೆ ಆ ವರದಿಯನ್ನು ಕನ್ನಡದಲ್ಲಿ ನಾನೇ ಓದಿ ಹೇಳಿದೆ.

ಆಮೇಲೆ ಆಟೊಮೇಶನ್ ವಿದ್ಯೆಯ ಇತಿಹಾಸವನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಪಿಎಲ್‌ಸಿಯ ಕಲ್ಪನೆ ಡಿಕ್ ಮಾರ್ಲೆ ಎಂಬ ಅಮೆರಿಕದ ಎಂಜಿನಿಯರಿಗೆ ಹೊಳೆದದ್ದು 1968ರಲ್ಲಿ. ಆತನ ತಂಡದ ಮಾಡಿಕಾನ್ 084 ಮರುವರ್ಷ ಹೊರಬಂತು. ಅದಕ್ಕೆ ಕೊಟ್ಟ ಭಾಷೆ ಲ್ಯಾಡರ್, ರಿಲೇ ಸರ್ಕ್ಯೂಟಿನ ಚಿತ್ರದ ಹಾಗೇ ಕಾಣುವಂಥದ್ದು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಅದಾಗಲೇ ಓದಬಲ್ಲ ಚಿತ್ರದಲ್ಲಿ ಹೊಸ ಯಂತ್ರವನ್ನು ಅವನ ಕೈಗಿಟ್ಟರು. ಆ ಗೌರವದಿಂದ ಹುಟ್ಟಿದ ಯಂತ್ರಕ್ಕೆ ನಾನು ಅಂಕಿ ಬಿಟ್ಟರೆ ಕಾಕಾ ಬೇರೇನೂ ಓದಲಾರದ ಪರದೆಯನ್ನೂ ಅವರಿಗೆ ಗೊತ್ತಿಲ್ಲದ ಪಾಸ್‌ವರ್ಡನ್ನೂ ಹಾಕಿದ್ದೆ. ಲಿಸಾನ್ ಬೇನ್‌ಬ್ರಿಜ್ ಎಂಬ ಮನೋವಿಜ್ಞಾನಿ 1983ರಲ್ಲೇ ಈ ವಿಷಯದ ಮೇಲೆ ಪ್ರಬಂಧ ಬರೆದಿದ್ದಾರೆ: ಸುಲಭದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಅತಿ ಕಷ್ಟದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೇವೆ, ಅದಕ್ಕೆ ಬೇಕಾದ ರೂಢಿಯನ್ನೂ ಅವನಿಂದ ಕಿತ್ತುಕೊಂಡಿರುತ್ತೇವೆ ಎಂಬುದು ಅದರ ಸಾರ. ನಾನಂತೂ ಆ ಕಷ್ಟದ ಗಳಿಗೆಯನ್ನೂ ಕಾಕಾನಿಗೆ ಉಳಿಸಿರಲಿಲ್ಲ.

ಸುಳ್ಳು ಹೇಳುವ ಸೂಚಕಗಳಿಂದ ಮನುಷ್ಯರು ಸತ್ತಿದ್ದಾರೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ಸ್ಥಾವರದಲ್ಲಿ ಜೀವಹಾನಿ ಆಗಲಿಲ್ಲ, ಆದರೆ ದೀಪವೊಂದು ವಾಲ್ವಿಗೆ ಮುಚ್ಚು ಎಂಬ ಆಜ್ಞೆ ಹೋದದ್ದನ್ನು ಮಾತ್ರ ಹೇಳುತ್ತಿತ್ತು. ವಾಲ್ವ್ ತೆರೆದೇ ಇತ್ತು. 2005ರಲ್ಲಿ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣ ಘಟಕದಲ್ಲಿ ಗೋಪುರ ತುಂಬಿ ಉಕ್ಕುವ ಹೊತ್ತಿಗೆ ಮಟ್ಟದ ಸೂಚಕ ನಿಧಾನವಾಗಿ ಇಳಿಯುತ್ತಿದೆ ಎಂದು ತೋರಿಸುತ್ತಿತ್ತು. 15 ಜನ ಸತ್ತರು. ನಮ್ಮ ರಸದ ಕಥೆ ಅವುಗಳ ಎದುರು ಬಹಳ ಸಣ್ಣದು. ಕಾರಣ ಮಾತ್ರ ಅದೇ.

ಅಳತೆಯನ್ನು ತಂತಿಯಲ್ಲಿ ಕಂಟ್ರೋಲರಿಗೆ ತಲುಪಿಸುವ 4-20 ಮಿಲಿಆಂಪಿನ ಪದ್ಧತಿಯನ್ನೇ ನೋಡಿ. ಸೊನ್ನೆಯ ಬದಲು ನಾಲ್ಕರಿಂದ ಶುರು ಮಾಡಿದ್ದರಿಂದ ತಂತಿ ಕಡಿದರೆ ಕರೆಂಟು ಸೊನ್ನೆಗೆ ಬೀಳುತ್ತದೆ, ಕಂಟ್ರೋಲರಿಗೆ ತಕ್ಷಣ ತಿಳಿಯುತ್ತದೆ. ನನಗೆ ಅದರ ಮೇಲೆ ಭಾರೀ ಭರವಸೆ ಇತ್ತು. ಆದರೆ ಗಾಜು ಸೀಳಿದಾಗ ತಂತಿ ಗಟ್ಟಿಯಾಗೇ ಇತ್ತು. 0ಯಿಂದ 14ರ ಅಳತೆಯಲ್ಲಿ ಏಳು ಎಂದರೆ 12 ಮಿಲಿಆಂಪು, ನಟ್ಟನಡುವೆ. ಸುಳ್ಳನ್ನು ಆ ತಂತಿ ಬಹಳ ನಿಖರವಾಗಿ ತಲುಪಿಸಿತು.

ಈಗ ನಾನು ಮಾಡುವ ಕೆಲಸಗಳಲ್ಲಿ ಆಟೋದಿಂದ ಮ್ಯಾನುವಲ್‌ಗೆ ಹೋಗಲು ಪಾಸ್‌ವರ್ಡ್ ಇರುವುದಿಲ್ಲ. ಯಾರು ಯಾವಾಗ ಬದಲಿಸಿದರೆಂದು ದಾಖಲಾದರೆ ಸಾಕು. ಪರದೆ ಕನ್ನಡದಲ್ಲಿ, ಗಡಿಯ ಕಾರ್ಖಾನೆಗಳಲ್ಲಿ ಕನ್ನಡ, ಮರಾಠಿ ಎರಡರಲ್ಲೂ. ಗೆರೆ ಬಹಳ ಹೊತ್ತು ಅಲುಗದಿದ್ದರೆ ಅದಕ್ಕೇ ಒಂದು ಅಲಾರಂ ಇಟ್ಟಿದ್ದೇನೆ. ಕಾಗದದ ಪಟ್ಟಿಯ ಕಾಲಮ್ಮನ್ನು ಯಾರಾದರೂ ತೆಗೆಯಲು ಬಂದರೆ ಜಗಳವಾಡುತ್ತೇನೆ. ಹ್ಯಾಂಡೋವರ್ ದಿನ ಆಪರೇಟರ್ ಸ್ವತಃ ಎಲೆಕ್ಟ್ರೋಡ್ ತೆಗೆದು 4 ಮತ್ತು 9ರ ಬಫರಿನಲ್ಲಿ ಅದ್ದಿ ನೋಡಬೇಕು, ಹ್ಯಾಂಡೋವರ್ ಪತ್ರಕ್ಕೆ ಮೊದಲ ಸಹಿ ಅವರದ್ದೇ ಆಗಬೇಕು.

ಮೊದಲನೆಯದನ್ನು ತಾಳೆ ನೋಡಲು ಹಾಕಬೇಕಾದ ಎರಡನೆಯ ಎಲೆಕ್ಟ್ರೋಡಿನ ವಿಷಯದಲ್ಲಿ ಮಾತ್ರ ಹೆಚ್ಚಿನ ಕಡೆ ಸೋಲುತ್ತೇನೆ. ಬಾಯ್ಲರ್ ಡ್ರಮ್ಮಿನ ನೀರಿನ ಮಟ್ಟಕ್ಕೆ ಮೂರು ಟ್ರಾನ್ಸ್‌ಮಿಟರ್ ಹಾಕಿ, ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ನಂಬುವ ಏರ್ಪಾಟು ದೊಡ್ಡ ಬಾಯ್ಲರುಗಳಲ್ಲಿ ಮಾಮೂಲು. ಅಲ್ಲಿ ತಪ್ಪಾದರೆ ಬಾಯ್ಲರ್ ಹೋಗುತ್ತದೆ, ಜನ ಸಾಯುತ್ತಾರೆ. ಹಾಗಾಗಿ ಖರ್ಚಿಗೆ ಯಾರೂ ಬೇಡ ಅನ್ನುವುದಿಲ್ಲ. ರಸದ ಪಿಎಚ್‌ಗೆ ಎರಡನೆಯದನ್ನು ಬರೆದರೆ ಖರೀದಿ ವಿಭಾಗದವರು ಪಟ್ಟಿಯಿಂದ ಹೊಡೆದುಹಾಕುತ್ತಾರೆ. ಅಲ್ಲಿ ಹೋಗುವುದು ಸಕ್ಕರೆ, ಅದೂ ಕಣ್ಣಿಗೆ ಕಾಣದೆ. ಆ ಸಕ್ಕರೆ ಯಾರ ಹೊಲದ್ದು ಎಂದು, ಇಳುವರಿ ಇಳಿದರೆ ಟನ್ನಿಗೆ ಎಷ್ಟು ಹೋಗುತ್ತದೆಂಬ ಲೆಕ್ಕ ಬರೆದು ಪ್ರತಿ ಸಲವೂ ಪಟ್ಟಿಯ ಜೊತೆ ಲಗತ್ತಿಸುತ್ತೇನೆ. ಹೋದ ಹಂಗಾಮಿನಲ್ಲಿ ಒಂದು ಕಾರ್ಖಾನೆಯವರು ಒಪ್ಪಿದರು, ಉಳಿದವರದು ಇನ್ನೂ ಮಾತುಕತೆಯಲ್ಲಿದೆ.